ತುದಿ ಸಿಕ್ಬೇಕು ಅಕ್ಕ

ಆ ಬೆಳಿಗ್ಗೆ ನಾನು ಎಂದಿನಂತೆ ತಿಂಡಿಗೆ ಶಾವಿಗೆ ಒತ್ತುತ್ತಿದ್ದೆ. ನಮ್ಮ ಮಹಡಿಯಲ್ಲಿ ಬಾಡಿಗೆಗಿದ್ದ ಹುಡುಗಿ ಬಂದು, ಒರಳಿನ ತೂತಿನಿಂದ ಇಳಿಯುವ ಎಳೆಗಳನ್ನೇ ನೋಡುತ್ತ ಹೆಬ್ಬೆರಳನ್ನು ತೋರುಬೆರಳಿಗೆ ಉಜ್ಜಿದಳು. ಅದು ಅವಳ ಅಭ್ಯಾಸ. ಅವಳ ಅಪ್ಪ ಇದೇ ರಾಮನಗರದ ಪಕ್ಕದ ಹಳ್ಳಿಯಲ್ಲಿ ರೇಷ್ಮೆಗೂಡಿನಿಂದ ನೂಲು ಬಿಚ್ಚುವವರು; ಎಳೆಯ ತುದಿಯನ್ನು ಹೀಗೇ ಬೆರಳಲ್ಲಿ ಉಜ್ಜಿ ಹಿಡಿಯುವರು.

ಕಾಲೇಜಿನ ಲ್ಯಾಬಿನಲ್ಲಿ ಅವಳು ಹುಡುಕುತ್ತಿದ್ದುದೂ ಎಳೆಯ ಸಂಗತಿಯೇ. ನೂಲಿನಂತೆ ಉದ್ದನೆಯ ಪಾಲಿಮರ್ ಅಣು ಕಣ್ಣಿಗೆ ಕಾಣದ ರಂಧ್ರದೊಳಗೆ ಹೇಗೆ ನುಸುಳುತ್ತದೆ ಎಂದು. "ತುದಿ ಸಿಕ್ಬೇಕು ಅಕ್ಕ, ಆಮೇಲೆ ತಾನೇ ಬತ್ತದೆ," ಎನ್ನುವಳು. ನಾಲ್ಕು ವರ್ಷ ಹಾಗೆ ಕಾದು ಅದನ್ನು ಕಂಡುಕೊಂಡಿದ್ದಳು. ಅಂದು ಕಾಲೇಜಿನ ಸಮಾರಂಭಕ್ಕೆ ಹೊರಗಿನಿಂದ ಬಂದ ವಿಜ್ಞಾನಿಗಳಿಗೆ ಅವಳೇ ಅದನ್ನು ವಿವರಿಸಬೇಕಿತ್ತು. ಅವಳಿಗೆ ನನ್ನ ಹಸಿರು ರೇಷ್ಮೆ ಸೀರೆ ಉಡಿಸಿ ಜೊತೆಗೆ ಹೋದೆ.

ವೇದಿಕೆಯ ಮೆಟ್ಟಿಲ ಬಳಿ ಅವಳ ಲ್ಯಾಬಿನ ಮೇಷ್ಟ್ರು ಹಾರ, ಶಾಲುಗಳ ತಟ್ಟೆಯನ್ನು ಅವಳ ಕೈಗಿಟ್ಟರು. "ಹೆಂಗೂ ಸೀರೆ ಉಟ್ಟಿದ್ದೀಯಲ್ಲಮ್ಮ, ಇದನ್ನ ಹಿಡ್ಕೊ. ಮಾತು ನಾನಾಡ್ತೀನಿ."

ಆಡಿದರು. ಅವಳ ಹೆಸರು ಒಮ್ಮೆಯೂ ಬರಲಿಲ್ಲ. ಎಳೆ ತುದಿಯಿಂದಲ್ಲದೆ ನಡುವೆ ಮಡಚಿಕೊಂಡು ಒಳಹೋಗುವುದಿಲ್ಲವೇ ಎಂದು ಯಾರೋ ಕೇಳಿದಾಗ ತಡವರಿಸಿದರು. ಉತ್ತರ ಗೊತ್ತಿದ್ದವಳು ತಟ್ಟೆಯ ಅಂಚಿಗೆ ಹೆಬ್ಬೆರಳು ಉಜ್ಜುತ್ತ ನಿಂತಿದ್ದಳು. ನಾನು ಎದ್ದು ಕೂಗಬೇಕಿತ್ತು. ಕಾನ್ವೆಂಟಿನಲ್ಲಿ ಕಲಿತಂತೆ ಕೈಕಟ್ಟಿ ಕೂತಿದ್ದೆ. ಆ ಸೀರೆ ಉಡಿಸಿದವಳೂ ನಾನೇ!

ಸಂಜೆ ಸೀರೆಯನ್ನು ಗಾಳಿಗೆ ಹರವುತ್ತಿದ್ದಾಗ ಪಕ್ಕದ ಮನೆಯಾಕೆ ಸಮಾರಂಭದ ಫೋಟೊ ತೋರಿಸಲು ಮೊಬೈಲು ಹಿಡಿದು ಬಂದಳು.

"ನಿಮ್ ಸೀರೆ ಎಷ್ಟ್ ಸಂದಾಗಿ ಬಂದೈತೆ ನೋಡಕ್ಕ! ಉಟ್ಟಿರೋಳ ಮಕ ಒಂದ್ ಬಂದಿಲ್ಲ, ಹೋಗ್ಲಿ ಬುಡಿ."