‘ನೋ ಸೂನರ್’ ಚಿಕ್ಕಬೈರಪ್ಪ

ಹೆಬ್ಬಾಳದಿಂದ ಯಲಹಂಕದವರೆಗೆ, ಇಂಗ್ಲಿಷ್ ವಾಕ್ಯದಲ್ಲಿ ‘ಡಸ್’ ಎಲ್ಲಿ ನಿಲ್ಲಬೇಕೆಂದು ಬಲ್ಲವನು ತಾನೊಬ್ಬನೇ, ತನ್ನ ಅರ್ಜಿ ಓದಿ ಇಲ್ಲ ಎನ್ನುವ ಅಧಿಕಾರಿ ಇನ್ನೂ ಹುಟ್ಟಿಲ್ಲ ಎಂದು ಅರ್ಜಿ ಬರೆಯುವ ಚಿಕ್ಕಬೈರಪ್ಪ ಹೇಳಿಕೊಳ್ಳುತ್ತಿದ್ದ. ಸಾವಿರದ ಒಂಬೈನೂರ ಐವತ್ತೇಳರಲ್ಲಿ ಅಲ್ಲಾಳಸಂದ್ರದ ಬಸ್ ಸ್ಟಾಪಿನ ಹೊಂಗೆಮರದಡಿ ಅವನ ಟೈಪ್‌ರೈಟರು ಬಡಿದುಕೊಂಡರೆ ಯಲಹಂಕದ ಕೆರೆಯಲ್ಲಿ ಕೊಕ್ಕರೆಗಳು ಏಳುತ್ತಿದ್ದವು. ನಾನೇ ಎಣಿಸಿದ್ದೇನೆ, ನಾನೂರ ಹದಿಮೂರು.

ಅವನಿಗೆ ಜೋಡಿಪದಗಳ ಹುಚ್ಚು. ವಾಕ್ಯದ ತಲೆಗೆ ‘ನೋ ಸೂನರ್’ ಬಂದರೆ ಬಾಲಕ್ಕೆ ‘ದ್ಯಾನ್’ ಬರಲೇಬೇಕು. ಅಷ್ಟೇ ಅಲ್ಲ, ‘ಡಸ್’ನಂಥ ಸಹಾಯಕ ಕ್ರಿಯಾಪದ ಕರ್ತೃವನ್ನು ಹಿಂದಿಕ್ಕಿ ಮುಂದೆ ನಿಲ್ಲಬೇಕು. “ಗೌಡ್ರ ಮುಂದೆ ತಳವಾರ ನಡೆಯಲ್ವಾ, ಅಂಗೆ” ಎನ್ನುತ್ತಿದ್ದ.

ಅದೇ ಊರಿನ ಅಕ್ಕಯ್ಯಮ್ಮ ಸೇವಂತಿಗೆ ಮಾರುವವಳು. ಬೆಳಗಿನ ಮುನಿನಂಜುಂಡ ಮೋಟಾರ್ ಸರ್ವಿಸ್ ಬಸ್ಸಿನ ನೆತ್ತಿಗೆ ಬುಟ್ಟಿ ಏರಿಸಿ, ಏಣಿ ಇಳಿದು ಬಾಗಿಲಿಗೆ ಬರುವಷ್ಟರಲ್ಲಿ ಬಸ್ಸು ಹೊರಟಿರುತ್ತಿತ್ತು. ಒಂದೇ ತಿಂಗಳಲ್ಲಿ ಬುಟ್ಟಿ ಒಂಬತ್ತು ಸಲ ಒಂಟಿಯಾಗಿ ಪೇಟೆ ನೋಡಿ ಬಂತು. ಹೀಗೇ ಆದರೆ ಮಾರುಕಟ್ಟೆಯಲ್ಲಿ ಅವಳು ಕೂರುವ ಜಾಗ ಬೇರೆಯವರ ಪಾಲು. ಬಸ್ಸು ಎರಡು ನಿಮಿಷ ನಿಂತರೆ ಸಾಕಿತ್ತು. ಆದರೆ ಕಂಪನಿಯ ಮ್ಯಾನೇಜರು ಕನ್ನಡದ ಅರ್ಜಿಯನ್ನು ವಡೆ ಕಟ್ಟುವುದಕ್ಕೆ ಇಟ್ಟುಕೊಳ್ಳುವ ಜಾತಿ.

ಚಿಕ್ಕಬೈರಪ್ಪ ಬೆರಳು ನೆಟಿಗೆ ಮುರಿದು ಟೈಪು ಮಾಡಿದ: ‘ನೋ ಸೂನರ್ ಡಸ್ ದಿ ಬಸ್ ಸ್ಟಾಪ್ ದ್ಯಾನ್ ಇಟ್ ಸ್ಟಾರ್ಟ್ಸ್.’ ನಿಂತದ್ದೇ ತಡ, ಹೊರಟೇಬಿಡುತ್ತದೆ ಎಂದರ್ಥ.

ಮೂರನೆಯ ದಿನ ಉತ್ತರ ಬಂತು. ತಮ್ಮ ಬಸ್ಸು ಕ್ಷಣವೂ ತಡಮಾಡುವುದಿಲ್ಲವೆಂದು ಹೊಗಳಿ ಬರೆದದ್ದಕ್ಕೆ ಮ್ಯಾನೇಜರು ವಂದಿಸಿದ್ದ. ಇನ್ನೂ ಬೇಗ ಹೊರಡಿಸುವುದಾಗಿ ಭರವಸೆಯನ್ನೂ ಕೊಟ್ಟಿದ್ದ. ಕೊಟ್ಟ ಮಾತಿಗೆ ತಪ್ಪಲಿಲ್ಲ. ಮರುದಿನ ಬುಟ್ಟಿಯೂ ಹತ್ತಲಿಲ್ಲ, ಏಣಿಯಲ್ಲೇ ಜೋತಾಡಿಕೊಂಡು ಹೆಬ್ಬಾಳ ಮುಟ್ಟಿತು.

ಅಕ್ಕಯ್ಯಮ್ಮ ಬಂದು ಟೈಪ್‌ರೈಟರಿನ ಮುಂದೆ ಕುಕ್ಕರಿಸಿದಳು. “ನಾನ್ ಏಳಿದ್ದಷ್ಟೇ ಕುಟ್ಟು ಬೈರಪ್ಪ. ಬುಟ್ಟಿ ಓಯ್ತದೆ. ನಾನ್ ಓಗಲ್ಲ. ಎರಡ್ ನಿಮಿಷ ನಿಲ್ಸಿ.”

ಹರಳೆಣ್ಣೆ ಕುಡಿದ ಮುಖದಲ್ಲಿ ಅವನು ಅಷ್ಟನ್ನೇ ಇಂಗ್ಲಿಷಿಗೆ ಹಾಕಿದ. ಎಲ್ಲ ಪದವೂ ತನ್ನ ತನ್ನ ಜಾಗದಲ್ಲೇ ಕೂತಿತ್ತು, ಯಾವುದೂ ಯಾರ ಮುಂದೂ ಹಾರಲಿಲ್ಲ.

ಸೋಮವಾರ ಬಸ್ಸು ಪೂರಾ ಎರಡು ನಿಮಿಷ ನಿಂತಿತು. ಅಕ್ಕಯ್ಯಮ್ಮ ಹತ್ತಿ, ಕೂತು, ಎಲೆ ಅಡಿಕೆ ಹಾಕಿಕೊಂಡ ಮೇಲೂ ಸಮಯ ಉಳಿದಿತ್ತು. ಕಿಟಕಿಯಿಂದ ತಲೆ ಹೊರಗೆ ಹಾಕಿ ಕೇಳಿದಳು: “ಏನ್ ಬೈರಪ್ಪ, ನಿನ್ ಡಸ್ಸು ದ್ಯಾನು ಎಲ್ಲಾ ಬುರುಡೆ ತಾನೆ?”

ಚಿಕ್ಕಬೈರಪ್ಪ ಕಾಗದದಿಂದ ಕಣ್ಣೆತ್ತಲಿಲ್ಲ.

“ಅದು ಇಂಗ್ಲಿಷ್ ಬಲ್ಲೋರಿಗೆ ಬರ್ದಿದ್ದು ಕಣಕ್ಕ. ಇದು ಮ್ಯಾನೇಜರ್‌ಗೆ.”