ಅಣ್ಣನ ಕಂಪ್ಯೂಟರ್ ಕೇಳಿದ ಹೆಸರು

ದೆವ್ವ, ಪೀಡೆ, ಗಾಳಿ ಎಂದು ಯಾರಾದರೂ ಮಾತು ತೆಗೆದರೆ ಚಹಾದ ನೆಪ ಹೇಳಿ ಎದ್ದು ಹೋಗುವವರ ಪೈಕಿ ನಾನು. ನರಸಿಂಹರಾಜಪುರದಲ್ಲಿ ನನ್ನದೊಂದು ರೇಡಿಯೋ, ಟಿವಿ ರಿಪೇರಿ ಅಂಗಡಿ. ತೀರಿಕೊಂಡ ಅಜ್ಜಿಯ ದನಿ ರೇಡಿಯೋದಲ್ಲಿ ಕೇಳಿಸುತ್ತದೆ ಎಂದು ಹೆದರಿ ಬಂದ ಗಿರಾಕಿಯೊಬ್ಬರಿಗೆ ಒಂದು ಕೆಪಾಸಿಟರ್ ಬದಲಾಯಿಸಿ ಕೊಟ್ಟು, "ಅಜ್ಜಿ ಹೋದರು, ಇನ್ನು ವಾರ್ತೆ ಕೇಳಿ" ಎಂದು ಕಳಿಸಿದ್ದೆ. ಅಂಥವನು ಈಗ ಇದನ್ನು ಬರೆಯಲು ಕೂತಿದ್ದೇನೆ. ನೀವು ನಂಬಲೇಬೇಕೆಂದು ಹಟವಿಲ್ಲ. ಇಂಥದ್ದೆಲ್ಲ ಅಮಾವಾಸ್ಯೆಯ ರಾತ್ರಿ ಆಗುತ್ತದೆ ಎಂದು ಹೇಳುವುದುಂಟು. ನನಗಾದದ್ದು ಬಿಸಿಲು ಬಿದ್ದ ಬೆಳಿಗ್ಗೆ, ಹೊಟ್ಟೆ ತುಂಬ ತಿಂಡಿ ತಿಂದ ಮೇಲೆ.

ಎಂಬತ್ತರ ದಶಕದಲ್ಲಿ ನನ್ನ ಅಣ್ಣ ಮುಂಬೈಯಿಂದ ಒಂದು ಕಂಪ್ಯೂಟರ್ ತಂದ. ಈಗಿನ ಹುಡುಗರಿಗೆ ತೋರಿಸಿದರೆ ಅದನ್ನು ಆಟಿಕೆ ಅನ್ನುತ್ತಾರೆ. ರಬ್ಬರ್ ಗುಂಡಿಗಳ ಒಂದು ಕಪ್ಪು ಕೀಬೋರ್ಡು, ಅಷ್ಟೇ. ಕಂಪ್ಯೂಟರ್ ಇದ್ದದ್ದು ಅದರ ಹೊಟ್ಟೆಯೊಳಗೇ. ಅದನ್ನು ಮನೆಯ ಟಿವಿಗೆ ಜೋಡಿಸಬೇಕು. ಪ್ರೋಗ್ರಾಮುಗಳು ಹಾಡಿನ ಕ್ಯಾಸೆಟ್ಟಿನಲ್ಲೇ ಇರುತ್ತಿದ್ದವು. ಕ್ಯಾಸೆಟ್ಟನ್ನು ಟೇಪ್ ರೆಕಾರ್ಡರಿಗೆ ಹಾಕಿ ಒತ್ತಿದರೆ ಮೊದಲು ಒಂದೇ ಸಮನೆ 'ಕುಂಯ್' ಎಂದು ಎಳೆಯುತ್ತಿತ್ತು, ಆಮೇಲೆ ತಗಡು ಕೆರೆದಂಥ ಕಿರುಚಾಟ. ಆ ಕಿರುಚಾಟವನ್ನು ಕೇಳಿಸಿಕೊಂಡೇ ಕಂಪ್ಯೂಟರ್ ಪ್ರೋಗ್ರಾಮನ್ನು ಒಳಗೆ ಎಳೆದುಕೊಳ್ಳುತ್ತಿತ್ತು. ನಡುವೆ ಒಂದು ಚೂರು ಸದ್ದು ಆಚೀಚೆಯಾದರೂ ಸಾಕು, ತಪ್ಪಾಗಿದೆ ಎಂದು ಇಂಗ್ಲಿಷಿನಲ್ಲಿ ಹೇಳಿ ಕೂತುಬಿಡುತ್ತಿತ್ತು.

ಅದನ್ನು ನೋಡಲು ಕೊಪ್ಪದಿಂದ, ಶೃಂಗೇರಿಯಿಂದ ಜನ ಬರುತ್ತಿದ್ದರು. ಅಂಗಡಿಯ ಹಿಂದಿನ ಕೋಣೆಯಲ್ಲಿ ಅಣ್ಣ ಕ್ಲಾಸು ಶುರು ಮಾಡಿದ. ಬಾಗಿಲಿಗೆ ಪರದೆ, ಚಪ್ಪಲಿ ಹೊರಗೆ, ಆಯುಧಪೂಜೆಯ ದಿನ ಕೀಬೋರ್ಡಿಗೆ ಕುಂಕುಮ. ಬಂದವರಿಗೆಲ್ಲ ಅವನು ಮೊದಲು ತೋರಿಸುತ್ತಿದ್ದದ್ದು ತಾನೇ ಬರೆದ ಒಂದು ಸಣ್ಣ ಪ್ರೋಗ್ರಾಮು. ಟಿವಿಯ ಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ "ನಮಸ್ಕಾರ. ನಿಮ್ಮ ಹೆಸರು?" ಎಂದು ಕನ್ನಡ ಮೂಡುತ್ತಿತ್ತು. ಹೆಸರು ಹೊಡೆದರೆ ಪರದೆಯ ತುಂಬ ಅದೇ ಹೆಸರು ಸಾಲುಸಾಲಾಗಿ ತುಂಬಿಕೊಳ್ಳುತ್ತಿತ್ತು. ತಮ್ಮ ಹೆಸರು ಟಿವಿಯಲ್ಲಿ ಬಂದದ್ದು ಕಂಡು ಕೈಮುಗಿದ ಮುದುಕರನ್ನು ನಾನು ನೋಡಿದ್ದೇನೆ.

ಊರಿನಲ್ಲಿ ಹೆಸರು ಹೊಡೆಯದೆ ಉಳಿದದ್ದು ಒಬ್ಬಳೇ, ನನ್ನ ಅತ್ತಿಗೆ. ಮದುವೆಯಾಗಿ ಬಂದ ಹೊಸತರಲ್ಲಿ ಅಣ್ಣ ಎಷ್ಟು ಕರೆದರೂ ನಾಚಿ ಒಳಗೆ ಓಡಿದಳು. ಆಮೇಲೆ ಅದೇ ಒಂದು ತಮಾಷೆಯಾಯಿತು. "ಒಂದಲ್ಲ ಒಂದು ದಿನ ಇವಳ ಹೆಸರು ಬರಿಸದೆ ಬಿಡಲ್ಲ" ಎಂದು ಅಣ್ಣ ಅನ್ನುವುದು, "ನೋಡಾಣ" ಎಂದು ಅವಳು ಅನ್ನುವುದು.

ತೊಂಬತ್ತರ ದಶಕ ಮುಗಿಯುವ ಹೊತ್ತಿಗೆ ಕೊಪ್ಪ, ಬಾಳೆಹೊನ್ನೂರುಗಳಲ್ಲೆಲ್ಲ ಹೊಸ ಕಂಪ್ಯೂಟರ್ ಕ್ಲಾಸುಗಳು ಬಂದವು. ನಮ್ಮಲ್ಲಿಗೆ ಬಂದ ಮಕ್ಕಳು "ಸಾರ್, ಮೌಸ್ ಎಲ್ಲಿ?" ಎಂದು ಕೇಳಿ ಮುಖ ಮುಖ ನೋಡಿಕೊಂಡರು. ಕ್ಲಾಸು ನಿಂತಿತು. ಅಣ್ಣ ಕಂಪ್ಯೂಟರನ್ನು ಬಟ್ಟೆಯಲ್ಲಿ ಸುತ್ತಿ ನನ್ನ ಅಂಗಡಿಯ ಅಟ್ಟಕ್ಕೆ ಹಾಕಿ, ಗದ್ದೆ ನೋಡಿಕೊಳ್ಳಲು ಮುತ್ತಿನಕೊಪ್ಪದ ಕಡೆ ಹೋದ. ಅಲ್ಲಿ ಭದ್ರಾ ಹಿನ್ನೀರಿನ ಅಂಚಿಗೆ ನಮ್ಮ ಗದ್ದೆ, ಗದ್ದೆಗೆ ತಾಗಿದಂತೆ ಸಣ್ಣ ಮನೆ. ತೆನೆ ಬಲಿಯುವ ಕಾಲಕ್ಕೆ ಕಾಡುಹಂದಿಗಳ ಕಾಟ. ಡಬ್ಬಿ ಬಡಿದು, ಪಟಾಕಿ ಹೊಡೆದು ಸಾಕಾದ ಅಣ್ಣನಿಗೆ ಒಂದು ದಿನ ತಲೆಗೆ ಹೊಳೆಯಿತು: ಗದ್ದೆ ಕಾಯಲು ಕಟ್ಟಿದ ಎತ್ತರದ ಅಟ್ಟಣೆ, ಮಾಳದ ಮೇಲೆ ಟೇಪ್ ರೆಕಾರ್ಡರ್ ಇಟ್ಟು, ಮೈಕಿನ ಹಾರ್ನಿಗೆ ಜೋಡಿಸಿ, ತನ್ನ ಪ್ರೋಗ್ರಾಮಿನ ಕ್ಯಾಸೆಟ್ಟನ್ನೇ ಹಾಕಿಬಿಟ್ಟ. ಹಂದಿಗಳು ಆ ಕಿರುಚಾಟಕ್ಕೆ ಬಾಲ ಎತ್ತಿಕೊಂಡು ಓಡಿದವು.

"ಕೊನೆಗೂ ನನ್ನ ಕಂಪ್ಯೂಟರಿಗೊಂದು ಕೆಲಸ ಸಿಕ್ತು ಮಾರಾಯ" ಎಂದು ನಕ್ಕ. ನನಗೆ ಮಾತ್ರ ನಗು ಬರಲಿಲ್ಲ.

ರಜೆಯ ದಿನ ನಾನೂ ಹೋಗುತ್ತಿದ್ದೆ. ಬ್ಯಾಟರಿ ತಾ, ವಯರ್ ಹಿಡಿ ಎಂದು ಅಣ್ಣ ಮಾಳದ ಮೇಲಿಂದ ನನ್ನ ಹೆಸರು ಹಿಡಿದು ಕೂಗುತ್ತಿದ್ದ. ಆ ಕೂಗು ಹಿನ್ನೀರಿನ ಆಚೆ ದಡಕ್ಕೆ ಬಡಿದು ತಿರುಗಿ ಬರುತ್ತಿತ್ತು. ಅತ್ತಿಗೆಯನ್ನು ಕರೆಯುವುದಾದರೆ "ಏ ಇವಳೇ, ಕೇಳಿಸ್ತಾ?" ಎನ್ನುತ್ತಿದ್ದ.

ಹೊಸ ಶತಮಾನದ ಮೊದಲ ವರ್ಷಗಳ ಒಂದು ಸುಗ್ಗಿಗೆ ಮುಂಚೆ ಅಣ್ಣ ಕಾಣೆಯಾದ. ಹಿಂದಿನ ದಿನ ಊಟಕ್ಕೆ ಕೂತಾಗ ಅತ್ತಿಗೆಗೆ ಒಂದು ಮಾತು ಹೇಳಿದ್ದನಂತೆ: "ಆಚೆ ದಡದಲ್ಲಿ ಯಾರೋ ನನ್ನ ಟೇಪು ಹಾಕ್ತಿದಾರೆ ಕಣೇ. ನಾನು ನಿಲ್ಸಿದ ಮೇಲೆ ಅಲ್ಲಿ ಶುರುವಾಗತ್ತೆ. ಯಾರು ಅಂತ ನೋಡ್ಬೇಕು." ಮರುದಿನ ಅವನ ತೆಪ್ಪ ಆಚೆ ದಡದಲ್ಲಿ ಸಿಕ್ಕಿತು. ಟೇಪ್ ರೆಕಾರ್ಡರ್ ಮಾಳದ ಮೇಲೇ ಇತ್ತು, ಒಳಗೆ ಕ್ಯಾಸೆಟ್ ಇರಲಿಲ್ಲ. ಮೀನು ಹಿಡಿಯುವವರು ದಿನಗಟ್ಟಲೆ ನೀರು ಜಾಲಾಡಿದರು. ಪೊಲೀಸರು ಬರೆದುಕೊಂಡು ಹೋದರು. ಅಣ್ಣ ಸಿಗಲಿಲ್ಲ.

ಎರಡು ವರ್ಷವಾಗುತ್ತಾ ಬಂದಾಗ ನಮ್ಮ ಸೋದರಮಾವ ಒತ್ತಾಯ ಶುರು ಮಾಡಿದರು. ದರ್ಭೆಯಲ್ಲಿ ಗೊಂಬೆ ಮಾಡಿ ಸುಟ್ಟು ಕರ್ಮ ಮುಗಿಸಬೇಕು, ಹೋದವನಿಗೆ ಸದ್ಗತಿ ಬೇಡವೇ ಎಂದು ಅವರ ವಾದ. ಅತ್ತಿಗೆ ಒಪ್ಪಲಿಲ್ಲ. ಕುಂಕುಮ ಇಡುವುದನ್ನೂ ಬಿಡಲಿಲ್ಲ. ಅವಳನ್ನು ಒಪ್ಪಿಸುವ ಕೆಲಸ ನನ್ನ ತಲೆಗೆ ಬಂತು. ನಾನು ಹೋಗಿ ಮಾತು ತೆಗೆಯುವ ಮೊದಲೇ ಅವಳು ಹೇಳಿದಳು.

"ಅವರ ಟೇಪು ಕೇಳ್ತಿದೆ. ದಿನಾ ಬೆಳಿಗ್ಗೆ. ಗದ್ದೆಯ ಆ ಕಡೆ, ಕಾಡೊಳಗೆ."

ನಾನು ಅವಳ ಮುಖ ನೋಡಿದೆ.

"ತಲೆ ಕೆಟ್ಟಿದೆ ಅಂತ ನೋಡ್ಬೇಡ. ನಾಳೆ ಬೆಳಿಗ್ಗೆ ಬಂದು ನೀನೇ ಕೇಳು."

ಕೇಳಿದೆ. ನಿಜವಾಗಿಯೂ ಅದೇ. ಮೊದಲು ಉದ್ದಕ್ಕೆ 'ಕುಂಯ್', ಆಮೇಲೆ ಕಿರುಚಾಟ. ನೀರಿನ ಅಂಚಿನ ಮರಗಳಡಿ ಹುಡುಕುತ್ತಾ ಹೋದೆ. ಕೊಂಬೆಯ ಮೇಲೆ ಒಂದು ಭೀಮರಾಜ ಕೂತಿತ್ತು. ಬಾಲದಲ್ಲಿ ಎರಡು ಉದ್ದ ಗರಿ ಇಳಿಬಿಟ್ಟ ಆ ಕಪ್ಪು ಹಕ್ಕಿಯನ್ನು ನಮ್ಮ ಕಡೆಯವರೆಲ್ಲ ಬಲ್ಲರು. ಬೆಕ್ಕಿನ ಹಾಗೆ, ಗಿಡುಗನ ಹಾಗೆ, ಕರುವಿನ ಹಾಗೆ, ಕೇಳಿದ್ದನ್ನೆಲ್ಲ ಅಣಕಿಸುವ ಹಕ್ಕಿ. ಅದು ಕತ್ತು ಉಬ್ಬಿಸಿ ಅಣ್ಣನ ಕಂಪ್ಯೂಟರಿನ ಸದ್ದು ಮಾಡುತ್ತಿತ್ತು. ನನಗೆ ನಗುವೇ ಬಂತು, ಜೊತೆಗೆ ಕಣ್ಣಲ್ಲಿ ನೀರೂ ಬಂತು.

ಅತ್ತಿಗೆಗೆ ತೋರಿಸಿದೆ. ಅವಳು ಹಕ್ಕಿಯನ್ನು ನೋಡುತ್ತಲೇ ನಿಂತಳು. "ಹಕ್ಕಿ ಸರಿ. ಅದು ಹೇಳ್ತಿರೋದು ಎಂತ?" ಎಂದಳು.

"ಎಂತದೂ ಇಲ್ಲ ಅತ್ತಿಗೆ, ಬರೀ ಸದ್ದು."

"ಹಾಗಾದ್ರೆ ಅದನ್ನ ಮೆಷಿನ್ನಿಗೆ ಹಾಕಿ ತೋರ್ಸು. ಏನೂ ಬರ್ಲಿಲ್ಲ ಅಂದ್ರೆ ಮಾವ ಹೇಳಿದ ಹಾಗೆ ಕರ್ಮ ಮಾಡ್ಸಾಣ."

ಇದಕ್ಕಿಂತ ಸುಲಭದ ಷರತ್ತು ಬೇರೆ ಇಲ್ಲ ಎಂದುಕೊಂಡೆ. ಅಂಗಡಿಯ ಅಟ್ಟದಿಂದ ಕಂಪ್ಯೂಟರ್ ಇಳಿಸಿ, ಬೂಷ್ಟು ಒರೆಸಿ, ಗುಂಡಿಗಳನ್ನು ಸರಿ ಮಾಡಿ ತಂದೆ. ಮರುದಿನ ಬೆಳಿಗ್ಗೆ, ಮನೆಯಲ್ಲಿದ್ದ ಒಂದು ಭಜನೆಯ ಕ್ಯಾಸೆಟ್ಟಿನ ಮೇಲೆಯೇ, ಮರದ ಕೆಳಗೆ ನಿಂತು ಹಕ್ಕಿಯ ಕೂಗನ್ನು ಮುದ್ರಿಸಿಕೊಂಡೆ. ತಿಂಡಿ ತಿಂದು, ಎಲ್ಲವನ್ನೂ ಟಿವಿಗೆ ಜೋಡಿಸಿ, ಟೇಪು ಒತ್ತಿದೆ.

'ಕುಂಯ್' ಎನ್ನುವಾಗ ಪರದೆಯ ಅಂಚಿಗೆ ಕೆಂಪು ಗೆರೆಗಳು ಬಂದವು. ಉದ್ದನೆಯ ಸದ್ದು ಯಾವುದಾದರೂ ಅಷ್ಟಾಗುತ್ತದೆ, ನಾನು ಹೆದರಲಿಲ್ಲ. ಆಮೇಲೆ ಗೆರೆಗಳು ಹಳದಿ, ನೀಲಿಗೆ ತಿರುಗಿದವು. ಕಂಪ್ಯೂಟರ್ ಆ ಸದ್ದನ್ನು ಪ್ರೋಗ್ರಾಮು ಎಂದು ಒಪ್ಪಿಕೊಂಡಾಗ ಮಾತ್ರ ಬರುವ ಬಣ್ಣ ಅದು. ಈಗ ನಿಲ್ಲುತ್ತದೆ, ಈಗ ತಪ್ಪು ಎನ್ನುತ್ತದೆ ಎಂದು ಕಾದೆ. ನಿಲ್ಲಲಿಲ್ಲ. ಹಕ್ಕಿಯ ಕೂಗಿನ ನಡುವೆ ಎಲೆಗಳ ಸದ್ದು, ನಾನೇ ಕೆಮ್ಮಿದ್ದು ಕೂಡ ಕೇಳುತ್ತಿತ್ತು. ಅದೆಲ್ಲವನ್ನೂ ಸೇರಿಸಿಕೊಂಡೇ ಕಂಪ್ಯೂಟರ್ ನುಂಗಿತು. ಕೂಗು ಮುಗಿದು ಅಳಿಯದೆ ಉಳಿದಿದ್ದ ಭಜನೆ ಶುರುವಾಯಿತು. ಹಾಗಾಗಿ ಕ್ಯಾಸೆಟ್ ಅದಲುಬದಲಾಗಿತ್ತು ಎಂದು ನೀವು ಹೇಳುವ ಹಾಗಿಲ್ಲ. ಪರದೆ ಬಿಳಿಯಾಯಿತು.

"ನಮಸ್ಕಾರ. ನಿಮ್ಮ ಹೆಸರು?"

ಅತ್ತಿಗೆ ಬಾಯಿಗೆ ಸೆರಗು ಒತ್ತಿಕೊಂಡಳು. ನಾನು ಏನು ಮಾಡಬೇಕೆಂದು ತೋಚದೆ, ಹಳೆಯ ಅಭ್ಯಾಸದಂತೆ ನನ್ನ ಹೆಸರು ಹೊಡೆದೆ. ಪರದೆ ತುಂಬ ನನ್ನ ಹೆಸರು ಬರಬೇಕಿತ್ತು. ಬರಲಿಲ್ಲ. ಒಂದೇ ಒಂದು ಸಾಲು ಬಂತು.

"ನೀನಲ್ಲ."

ಅದರ ಕೆಳಗೆ ಮತ್ತೆ, "ನಿಮ್ಮ ಹೆಸರು?"

ಅಷ್ಟು ಭಯ ನನಗೆ ಅದಕ್ಕೆ ಮುಂಚೆ ಆಗಿರಲಿಲ್ಲ, ಆಮೇಲೂ ಆಗಿಲ್ಲ. ಹೊರಗೆ ಬಿಸಿಲು, ಕೋಳಿಗಳು ಅಂಗಳ ಕೆದಕುತ್ತಿದ್ದವು, ಟೇಪಿನಲ್ಲಿ ಭಜನೆ ನಡೆದೇ ಇತ್ತು. ಅತ್ತಿಗೆ ನನ್ನನ್ನು ಪಕ್ಕಕ್ಕೆ ಸರಿಸಿ ಕೀಬೋರ್ಡಿನ ಮುಂದೆ ಕೂತಳು. ಇಷ್ಟು ವರ್ಷ ನಾಚಿ ಓಡುತ್ತಿದ್ದವಳು ಬೆರಳು ಚಾಚಿ ತನ್ನ ಹೆಸರಿನ ಮೊದಲ ಅಕ್ಷರ ಹುಡುಕತೊಡಗಿದಳು. ಅವಳ ಮುಖದಲ್ಲಿ ಹೆದರಿಕೆಯೇ ಇರಲಿಲ್ಲ. ಅದನ್ನು ಕಂಡದ್ದೇ ನಾನು ಗೋಡೆಯ ಪ್ಲಗ್ಗನ್ನು ಕಿತ್ತು ಎಸೆದೆ.

"ಎಂತಕ್ಕೆ ತೆಗ್ದೆ? ಅವರು ಕೇಳಿದ್ದು ನನ್ನನ್ನ" ಎಂದಳು. ಬೈಯಲಿಲ್ಲ, ಅಳಲಿಲ್ಲ. ಎದ್ದು ಹೋಗಿ ಒಲೆ ಹೊತ್ತಿಸಿದಳು. ಕರ್ಮದ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ.

ಅದೇ ಕ್ಯಾಸೆಟ್ಟನ್ನು ನಾನೊಬ್ಬನೇ ಅಂಗಡಿಯಲ್ಲಿ ಎಷ್ಟೋ ಸಲ ಹಾಕಿ ನೋಡಿದ್ದೇನೆ. ಪ್ರತಿ ಸಲವೂ ತಪ್ಪು ಎಂದು ನಿಲ್ಲುತ್ತದೆ. ಒಂದು ಹಕ್ಕಿ ಅಷ್ಟು ಉದ್ದದ ಸದ್ದನ್ನು ಒಂದಿಷ್ಟೂ ತಪ್ಪದೆ ಕಲಿಯಲು ಸಾಧ್ಯವಿಲ್ಲ ಎಂದು ನನ್ನ ಕಸುಬು ಹೇಳುತ್ತದೆ. ಸಾಧ್ಯ ಎಂದೇ ಇಟ್ಟುಕೊಳ್ಳೋಣ. ಅಣ್ಣ ಕೀಟಲೆಯವನು; ಅತ್ತಿಗೆಯ ಹೆಸರು ಬರಿಸಲೆಂದೇ ಪ್ರೋಗ್ರಾಮು ತಿದ್ದಿ, ನಾನು ಮೂಗು ತೂರಿಸಿದರೆ 'ನೀನಲ್ಲ' ಎನ್ನುವಂತೆ ಮಾಡಿದ್ದಿರಬಹುದು. ಹೀಗೆ ಹೇಳಿಕೊಂಡ ದಿನ ನನಗೆ ಚೆನ್ನಾಗಿ ನಿದ್ದೆ ಬರುತ್ತದೆ.

ನಿದ್ದೆ ಬಾರದ ದಿನ ಬೇರೆಯೇ ಯೋಚನೆ. ಅಣ್ಣನಿಗೆ ಹೆಂಡತಿಯ ಹೆಸರು ಗೊತ್ತಿಲ್ಲವೇ? ಅವನೇಕೆ ಕೇಳಬೇಕು? ಆ ನೀರಿನ ಅಂಚಿನಲ್ಲಿ ನನ್ನ ಹೆಸರನ್ನು ಅಣ್ಣ ನೂರಾರು ಸಲ ಕೂಗಿದ್ದಾನೆ. ಕಾಡಿನಲ್ಲಿ ಕಿವಿಯಿದ್ದ ಎಲ್ಲಕ್ಕೂ ನನ್ನ ಹೆಸರು ಗೊತ್ತು. ಅತ್ತಿಗೆಯ ಹೆಸರನ್ನು ಮಾತ್ರ ಅಲ್ಲಿ ಯಾರೂ ಕರೆದಿಲ್ಲ. ಗಂಡನಿಗೆ ಅವಳು 'ಇವಳೇ', ನನಗೆ 'ಅತ್ತಿಗೆ'. ಗೊತ್ತಿಲ್ಲದ್ದನ್ನು ತಾನೇ ಯಾರಾದರೂ ಕೇಳುವುದು?

ಈಗಲೂ ತೆನೆ ಬಲಿಯುವ ಕಾಲಕ್ಕೆ ಭೀಮರಾಜ ಕೂಗುತ್ತದೆ, ಅತ್ತಿಗೆ ನೀರಿನವರೆಗೆ ಹೋಗಿ ನಿಲ್ಲುತ್ತಾಳೆ. ನಾನೂ ಜೊತೆಗೆ ಹೋಗುತ್ತೇನೆ. ಯಾರಾದರೂ ಅಂಗಳಕ್ಕೆ ಬಂದು ಅವಳ ಹೆಸರು ಹಿಡಿದು ಕರೆಯಲು ಬಾಯಿ ತೆರೆದರೆ ಸಾಕು, ಓಡಿ ಹೋಗಿ ನಾನೇ ಮಾತನಾಡಿಸಿ ಕಳಿಸುತ್ತೇನೆ. ನೆಂಟರು ನನ್ನನ್ನು ಅರೆಮರುಳ ಎಂದು ಆಡಿಕೊಳ್ಳುತ್ತಾರೆ, ಆಡಿಕೊಳ್ಳಲಿ. ಇಷ್ಟು ಬರೆದ ಮೇಲೂ ಇದೇನೆಂದು ನನಗೆ ಗೊತ್ತಿಲ್ಲ. ಇದನ್ನು ಯಾರು ಎಲ್ಲಿ ಕೂತು ಜೋರಾಗಿ ಓದುತ್ತಾರೋ ಹೇಳಲಾಗದು. ಅದಕ್ಕೇ ಅತ್ತಿಗೆಯ ಹೆಸರನ್ನು ನಾನು ಇಲ್ಲಿಯೂ ಬರೆದಿಲ್ಲ.