ಹತ್ತದ ಮೂರನೇ ದೀಪ

ಎಲ್ಲವನ್ನೂ ಕಾಣುವ ಶಿವನಿಗೆ ಮೊದಲು ಕೈಮುಗಿದು ಹೇಳುತ್ತೇನೆ.

ಹೆತ್ತೂರಿನ ಎಸ್ಟೇಟ್ ಮನೆಯೊಂದಕ್ಕೆ ಇಂಟರ್ನೆಟ್ ವೈರಿಂಗ್ ನೋಡಲು ಹೋಗಿದ್ದೆ. ಮನೆಯಿಂದ ಕಾಫಿ ಸ್ಟೋರಿನ ಕ್ಯಾಮರಾಕ್ಕೆ ಹೋಗುವ ಕೇಬಲ್ ಕೆಟ್ಟಿತ್ತು.

"ಕೆಟ್ಟಿಲ್ಲ, ಇವ್ನೇ ಕತ್ತರ್ಸವ್ನೆ," ಎಂದು ಯಜಮಾನ ಗೌಡರು ಸ್ಟೋರಿನ ಲೆಕ್ಕ ಬರೆಯುವ ರೈಟರನ್ನು ದುರುಗುಟ್ಟಿ ನೋಡಿದರು. "ಗೋಡೆ ಮೇಲಿರೋ ಸ್ವಾಮಿ ಪಟ ಮುಟ್ಟಿ ಆಣೆ ಮಾಡು. ಇಲ್ದಿದ್ರೆ ಇವತ್ತೇ ಕೆಲ್ಸ ಬಿಡು."

"ಮುಟ್ತೀನಿ ಗೌಡ್ರೆ. ಮೊದ್ಲು ಇವರ ಡಬ್ಬಿ ಏನಂತದೆ ನೋಡಿ," ಎಂದರು ರೈಟರ್. ನನ್ನ ಕೇಬಲ್ ಟೆಸ್ಟರಿನತ್ತ ಕೈ ತೋರಿಸಿದರು. ಆಣೆ ಮುಂದಕ್ಕೆ ಹಾಕಿದ್ದು ಕಂಡು ನನಗೂ ಅನುಮಾನ ಬಂತು, ಶಿವ ಕ್ಷಮಿಸಲಿ.

ಟೆಸ್ಟರಿನ ಎರಡು ಭಾಗಗಳನ್ನು ಕೇಬಲಿನ ಎರಡು ತುದಿಗೆ ಸಿಕ್ಕಿಸಿದೆ. ಒಳಗಿನ ಎಂಟು ಎಳೆಗೆ ಎಂಟು ದೀಪ, ಮೂರನೆಯದೊಂದು ಮಾತ್ರ ಹತ್ತಲಿಲ್ಲ. ಯಾರಾದರೂ ಕತ್ತರಿಸಿದ್ದರೆ ಒಂದೂ ಹತ್ತಬಾರದಿತ್ತು. ಗೋಡೆಯ ಬಣ್ಣದಡಿ ಮರೆಯಾಗಿದ್ದ ಕೇಬಲನ್ನು ತಡಕುತ್ತ ಬಂದೆ. ಅದು ಅದೇ ಪಟದ ಹಿಂದೆ ಹಾದಿತ್ತು. ಕೈಮುಗಿದು ಪಟ ಇಳಿಸಿದರೆ, ಅದರ ಮೊಳೆ ಕೇಬಲಿನೊಳಗೇ ಇಳಿದಿತ್ತು.

"ಇದನ್ನ ಹೊಡೆದವರು ಯಾರು?" ಎಂದೆ.

ಗೌಡರು ಗೋಡೆ ನೋಡಿದರು. "ನಾನೇ ಕಣ್ರೀ. ಹೋದ ವಾರ."

ರೈಟರ್ ಮೆಲ್ಲಗೆ, "ಪಟ ಯಾರು ಮುಟ್ಬೇಕು ಗೌಡ್ರೆ ಈಗ?" ಎಂದರು.

ಕೇಳಿದ ನಿಮ್ಮೆಲ್ಲರನ್ನೂ ಸ್ವಾಮಿ ಕಾಯಲಿ. ಮೊಳೆ ಹೊಡೆಯುವ ಮುನ್ನ ಗೋಡೆ ತಡಕುವ ಬುದ್ಧಿಯನ್ನೂ ಕೊಡಲಿ.